ಕಲ್ಲುನೆಲದ ದ್ರಾಕ್ಷಿ, ಕಡಲತಡಿಯ ಮಾವು

ಕಾರವಾರದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಕಾಳಿ ನದಿಯ ಅಗಲವಾದ ಬಾಯಿ ಕಾಣುತ್ತದೆ. ಅದರಾಚೆ ಸದಾಶಿವಗಡದ ಗುಡ್ಡ. ಅಲ್ಲಿಯೇ, ನದಿಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳ ತೀರ ದೇವಬಾಗ. ಹೆಸರನ್ನು ಬಿಡಿಸಿ ಓದಿದರೆ 'ದೇವರ ತೋಟ' ಎಂಬ ಅರ್ಥ ಬರುತ್ತದೆ. ಈ ತೋಟದಲ್ಲಿ ಏನು ಬೆಳೆಯುತ್ತದೆ ಎಂದು ಯಾರನ್ನಾದರೂ ಕೇಳಿ. ತೆಂಗು, ಗಾಳಿಮರ, ಅಷ್ಟಿಷ್ಟು ಗೇರು ಎಂದಾರು. 'ದ್ರಾಕ್ಷಿ ಬೆಳೆಯಬಹುದೇ?' ಎಂದು ಕೇಳಿದರೆ ನಕ್ಕಾರು. ಉಪ್ಪುಗಾಳಿ ಬೀಸುವ ಕಡಲತಡಿಯಲ್ಲಿ ದ್ರಾಕ್ಷಿಯೇ!

ಸುಮಾರು ಎಂಬತ್ತು ವರ್ಷಗಳ ಹಿಂದೆ ಇಟಲಿಯ ಒಂದು ಕಡಲತಡಿಯಲ್ಲಿಯೂ ಜನ ಹೀಗೆಯೇ ನಕ್ಕಿದ್ದರು. ಆ ಊರಿನ ಹೆಸರು ಬೋಲ್ಗೇರಿ. ಟಸ್ಕನಿ ಪ್ರಾಂತದ ಪಶ್ಚಿಮ ಕರಾವಳಿಯ ಮರೆಮ್ಮ ಎಂಬ ಸೀಮೆಯಲ್ಲಿ ಅದು ಇದೆ. ಒಂದು ಕಾಲಕ್ಕೆ ಮರೆಮ್ಮ ಎಂದರೆ ಜೌಗು ನೆಲ, ಸೊಳ್ಳೆ ಮತ್ತು ಮಲೇರಿಯಾ. ದನ ಕುದುರೆ ಮೇಯಿಸಲು ಸರಿ, ಒಳ್ಳೆಯ ದ್ರಾಕ್ಷಿಗೆ ಅಲ್ಲ ಎಂಬುದು ಎಲ್ಲರ ತೀರ್ಮಾನವಾಗಿತ್ತು. ಅದೇ ನೆಲದಿಂದ ಇಂದು ಬರುವ 'ಸಸ್ಸಿಕಾಯ' ಎಂಬ ಕೆಂಪು ವೈನ್ ಜಗತ್ತಿನ ಅತ್ಯುತ್ತಮ ವೈನ್‌ಗಳ ಸಾಲಿನಲ್ಲಿದೆ. ಒಂದು ಬಾಟಲಿಯ ಬೆಲೆ ಇಪ್ಪತ್ತು ಸಾವಿರ ರೂಪಾಯಿಗೂ ಮೀರುತ್ತದೆ!

ವಿದ್ಯಾರ್ಥಿಗಳು ಓದುವ ಪುಟದಲ್ಲಿ ವೈನ್ ಕಥೆ ಏಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಪ್ರಶ್ನೆ ಸಹಜವೇ. ಅದರಲ್ಲಿಯೂ ಇದು ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರ ನೆಲ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವೇ ಆಗಿದ್ದ, 2017ರಲ್ಲಿ ಪದ್ಮಶ್ರೀ ಪಡೆದ ಆ ಅಜ್ಜಿ, ಸಾರಾಯಿ ತನ್ನ ಜನರ ಮನೆ ಮುರಿಯುವುದನ್ನು ಕಣ್ಣಾರೆ ಕಂಡು ಅದರ ವಿರುದ್ಧ ಹೆಂಗಸರನ್ನು ಸಂಘಟಿಸಿದವರು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಬೆಲೆ ಎಷ್ಟೇ ಇರಲಿ, ಬಾಟಲಿ ಎಷ್ಟೇ ಚಂದವಿರಲಿ, ವೈನ್ ಕೂಡ ಮದ್ಯವೇ. ಮದ್ಯಸಾರ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ವರ್ಗೀಕರಿಸಿದೆ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದ್ದರಿಂದ ಇಲ್ಲಿ ಬಾಟಲಿಯ ಒಳಗಿನದರ ಗುಣಗಾನವಿಲ್ಲ. ಬಾಟಲಿಯ ಹಿಂದಿರುವ ನೆಲದ ಕಥೆಯಿದೆ. 'ಪ್ರಯೋಜನವಿಲ್ಲ' ಎಂದು ಬಿಟ್ಟಿದ್ದ ಒಂದು ಕರಾವಳಿ ಹೇಗೆ ಹೆಸರು ಗಳಿಸಿತು, ಆ ಹೆಸರನ್ನು ಹೇಗೆ ಕಾಯ್ದುಕೊಂಡಿತು ಎಂಬುದು ನಮ್ಮ ಕರಾವಳಿಯ ಮಕ್ಕಳಿಗೂ ಬೇಕಾದ ಪಾಠ.

ಕುದುರೆ ಸಾಕುವವನ ಕಣ್ಣು

ಈ ಕಥೆಯ ನಾಯಕ ಮಾರಿಯೊ ಇಂಚೀಸ ದೆಲ್ಲ ರೊಕ್ಕೆತ್ತ. 1899ರಲ್ಲಿ ಹುಟ್ಟಿದ ಈತ ಶ್ರೀಮಂತ ಮನೆತನದವನು, ಪೀಸಾದಲ್ಲಿ ಕೃಷಿ ಓದಿದವನು. ಅಂದಿನ ಶ್ರೀಮಂತರ ಮನೆಗಳಲ್ಲಿ ಫ್ರಾನ್ಸಿನ ಬೋರ್ಡೊ ವೈನ್‌ಗೆ ಬಹಳ ಬೆಲೆ. ಅಂಥದನ್ನು ಇಟಲಿಯ ನೆಲದಲ್ಲಿಯೇ ಮಾಡಲಾಗದೇ ಎಂಬ ಪ್ರಶ್ನೆ ವಿದ್ಯಾರ್ಥಿಯಾಗಿದ್ದಾಗಲೇ ಅವನ ತಲೆ ಹೊಕ್ಕಿತ್ತು. 1930ರಲ್ಲಿ ಅವನು ಮದುವೆಯಾದ ಕ್ಲಾರಿಚೆಯ ತವರಿನವರಾದ ಗೆರಾರ್ದೆಸ್ಕ ಮನೆತನಕ್ಕೆ ಬೋಲ್ಗೇರಿಯಲ್ಲಿ ವಿಶಾಲವಾದ ಭೂಮಿಯಿತ್ತು. ಹೀಗೆ ಅವನ ಕೈಗೆ ಬಂದದ್ದೇ 'ತೆನೂತ ಸಾನ್ ಗ್ವಿದೊ' ಎಂಬ ಎಸ್ಟೇಟು.

ಮಾರಿಯೊಗೆ ಹೆಸರಿದ್ದುದು ವೈನ್‌ನಿಂದಲ್ಲ, ಕುದುರೆಗಳಿಂದ. ಫೆದೆರಿಕೊ ತೆಸಿಯೊ ಎಂಬ ಪ್ರಸಿದ್ಧ ಕುದುರೆ ತಳಿಗಾರನ ಜೊತೆ ಅವನು ಪಾಲುದಾರನಾಗಿದ್ದ. ಅವರ ಲಾಯದ 'ರಿಬೋ' ಎಂಬ ಕುದುರೆ ಓಡಿದ ಹದಿನಾರು ಪಂದ್ಯಗಳಲ್ಲಿ ಹದಿನಾರನ್ನೂ ಗೆದ್ದಿತು. 1955 ಮತ್ತು 1956ರಲ್ಲಿ ಪ್ಯಾರಿಸ್ಸಿನ ಹೆಸರಾಂತ ಪಂದ್ಯ ಅದರ ಪಾಲಾಯಿತು. ತಳಿ ಯಾವುದು, ತಾಯಿ ಯಾವುದು, ಮೇಯುವ ನೆಲ ಯಾವುದು ಎಂದು ನೋಡುವ ಅಭ್ಯಾಸ ಕುದುರೆ ಸಾಕುವವನಿಗೆ ಇದ್ದೇ ಇರುತ್ತದೆ. ಆ ಕಣ್ಣಿನಿಂದಲೇ ಅವನು ತನ್ನ ಹೊಲವನ್ನೂ ನೋಡಿದ.

ಅಲ್ಲಿನ ಒಂದು ಭಾಗದ ತುಂಬ ಬರೀ ಕಲ್ಲು. ಇಟಾಲಿಯನ್ ಭಾಷೆಯಲ್ಲಿ 'ಸಸ್ಸೊ' ಎಂದರೆ ಕಲ್ಲು. 'ಸಸ್ಸಿಕಾಯ' ಎಂದರೆ ಕಲ್ಲು ತುಂಬಿದ ಜಾಗ. ನಮ್ಮಲ್ಲಿ 'ಕಲ್ಲಬ್ಬೆ', 'ಕಲ್ಲಹಳ್ಳಿ' ಎಂಬ ಊರುಗಳಿಲ್ಲವೇ, ಹಾಗೆ. ಉಳಿದವರಿಗೆ ಕಲ್ಲು ತೊಂದರೆಯಾಗಿ ಕಂಡಿತು. ಮಾರಿಯೊಗೆ ಬೋರ್ಡೊದ 'ಗ್ರಾವ್' ಪ್ರದೇಶ ನೆನಪಾಯಿತು. ಅಲ್ಲಿಯೂ ಬರೀ ಜಲ್ಲಿಕಲ್ಲು, 'ಗ್ರಾವ್' ಎಂಬ ಹೆಸರು ಬಂದದ್ದೂ ಜಲ್ಲಿಯಿಂದಲೇ!

ಕಲ್ಲಿನಿಂದ ದ್ರಾಕ್ಷಿಗೇನು ಲಾಭ? ಕಲ್ಲುನೆಲದಲ್ಲಿ ನೀರು ನಿಲ್ಲುವುದಿಲ್ಲ, ಬೇಗ ಬಸಿದುಹೋಗುತ್ತದೆ. ಬಳ್ಳಿಯ ಬೇರು ನೀರನ್ನು ಹುಡುಕಿಕೊಂಡು ಆಳಕ್ಕೆ ಇಳಿಯಬೇಕಾಗುತ್ತದೆ. ಗೊಬ್ಬರ, ನೀರು ಹೇರಳವಾಗಿ ಸಿಕ್ಕ ಬಳ್ಳಿ ಎಲೆ ಹೊದ್ದು ಸೊಂಪಾಗಿ ಹಬ್ಬುತ್ತದೆ. ಹಣ್ಣು ದಪ್ಪಗೆ ನೀರು ನೀರಾಗುತ್ತದೆ. ಕಷ್ಟಪಟ್ಟು ಬೆಳೆದ ಬಳ್ಳಿ ಕಡಿಮೆ ಹಣ್ಣು ಬಿಡುತ್ತದೆ. ಅದು ಚಿಕ್ಕದು, ಸಿಪ್ಪೆ ದಪ್ಪ, ರಸ ಗಾಢ. ಕೆಂಪು ವೈನ್‌ನ ಬಣ್ಣವೂ ಒಗರೂ ಇರುವುದು ರಸದಲ್ಲಲ್ಲ, ಸಿಪ್ಪೆಯಲ್ಲಿ. ಕಪ್ಪು ದ್ರಾಕ್ಷಿಯನ್ನು ಹಿಂಡಿ ನೋಡಿ, ಬಹುತೇಕ ತಳಿಗಳ ರಸಕ್ಕೆ ಬಣ್ಣವೇ ಇರುವುದಿಲ್ಲ. ಸಿಪ್ಪೆಯನ್ನು ರಸದ ಜೊತೆಯಲ್ಲಿಯೇ ಹುದುಗಲು ಬಿಟ್ಟಾಗ ಮಾತ್ರ ಕೆಂಪು ಇಳಿಯುತ್ತದೆ.

ಇಪ್ಪತ್ತು ವರ್ಷ ಕಾದ ಬಾಟಲಿ

1940ರ ದಶಕದಲ್ಲಿ, ಎರಡನೆಯ ಮಹಾಯುದ್ಧ ನಡೆದಿರುವಾಗಲೇ, ಮಾರಿಯೊ 'ಕ್ಯಾಬರ್ನೆ' ಜಾತಿಯ ದ್ರಾಕ್ಷಿಯ ಕಡ್ಡಿಗಳನ್ನು ನೆಡಿಸಿದ. ಮೊದಲ ತಾಕು ಬೆಟ್ಟದ ಮೇಲಿತ್ತು, ಕಡಲಗಾಳಿ ನೇರವಾಗಿ ತಾಗದಂಥ ಮರೆಯಲ್ಲಿ. ಕೆಳಗಿನ ಕಲ್ಲುನೆಲಕ್ಕೆ ಬಳ್ಳಿಗಳು ಇಳಿದದ್ದು ಆಮೇಲೆ.

ಮೊದಲ ವೈನ್‌ಗಳನ್ನು ಕುಡಿದವರು ಮುಖ ಕಿವುಚಿದರು. ಅವರಿಗೆ ಅಭ್ಯಾಸವಾಗಿದ್ದುದು ತೆಳುವಾದ ಸ್ಥಳೀಯ ವೈನ್. ಇದು ಬಹಳ ಒಗರು. ಮಾರಿಯೊ ವಾದಕ್ಕೆ ಹೋಗಲಿಲ್ಲ. ಪ್ರತಿ ವರ್ಷ ಕೆಲವು ಪೆಟ್ಟಿಗೆಗಳನ್ನು ನೆಲಮಾಳಿಗೆಯಲ್ಲಿ ಇಡುತ್ತ ಹೋದ. 1948ರಿಂದ 1967ರವರೆಗೆ ಸಸ್ಸಿಕಾಯ ಮಾರುಕಟ್ಟೆಯ ಮುಖ ನೋಡಲಿಲ್ಲ, ಮನೆಯವರು ಮತ್ತು ಗೆಳೆಯರಿಗಷ್ಟೇ ಗೊತ್ತಿತ್ತು. ವರ್ಷಗಳು ಉರುಳಿದಂತೆ ಹಳೆಯ ಬಾಟಲಿಗಳ ಒಗರು ಮೆದುವಾಗಿ ರುಚಿ ಪಕ್ವವಾಗಿರುವುದು ಕಂಡುಬಂತು. 1968ರ ಹಂಗಾಮಿನದು ಮೊದಲ ಬಾರಿಗೆ ಮಾರಾಟಕ್ಕೆ ಬಂತು. ಬಂಧುವಾದ ಪಿಯೆರೊ ಆಂತಿನೋರಿ ಮತ್ತು ಅವರ ವೈನ್ ತಜ್ಞ ಜಾಕೊಮೊ ತಾಕಿಸ್ ಬೆನ್ನಿಗೆ ನಿಂತರು. ಓಕ್ ಮರದ ಚಿಕ್ಕ ಪೀಪಾಯಿಗಳಲ್ಲಿ ಎರಡು ವರ್ಷ ಇಟ್ಟು ಹದಗೊಳಿಸುವ ಕ್ರಮ ನೆಲೆಯೂರಿತು.

1978ರಲ್ಲಿ ಲಂಡನ್ನಿನ 'ಡಿಕ್ಯಾಂಟರ್' ಪತ್ರಿಕೆ ಜಗತ್ತಿನ ಹಲವು ದೇಶಗಳ ಕ್ಯಾಬರ್ನೆ ವೈನ್‌ಗಳ ರುಚಿಪರೀಕ್ಷೆ ನಡೆಸಿತು. ಗೆದ್ದದ್ದು 1972ರ ಸಸ್ಸಿಕಾಯ. ಯಾರೂ ಕೇಳಿರದ ಬೋಲ್ಗೇರಿ ಒಂದೇ ದಿನದಲ್ಲಿ ಮಾತಾಯಿತು. 1985ರ ಹಂಗಾಮಿಗೆ ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ನೂರಕ್ಕೆ ನೂರು ಅಂಕ ಕೊಟ್ಟ. 2015ರ ಹಂಗಾಮಿನದನ್ನು ಅಮೆರಿಕದ 'ವೈನ್ ಸ್ಪೆಕ್ಟೇಟರ್' ಪತ್ರಿಕೆ 2018ರಲ್ಲಿ ವರ್ಷದ ವೈನ್ ಎಂದು ಆರಿಸಿತು.

ತಮಾಷೆಯೆಂದರೆ ಈ ಎಲ್ಲ ಹೊಗಳಿಕೆಯ ನಡುವೆ ಇಟಲಿಯ ಸರಕಾರದ ಪುಸ್ತಕದಲ್ಲಿ ಸಸ್ಸಿಕಾಯಕ್ಕೆ ಬಹುಕಾಲ ಇದ್ದ ದರ್ಜೆ 'ಊಟದ ಮೇಜಿನ ವೈನ್' ಮಾತ್ರ. ಎಂದರೆ ಎಲ್ಲಕ್ಕಿಂತ ಕೆಳಗಿನ ದರ್ಜೆ! 1963ರ ಕಾನೂನಿನ ಪ್ರಕಾರ ಪ್ರತಿ ಸೀಮೆಗೂ ಇಂಥದೇ ದ್ರಾಕ್ಷಿ, ಹೀಗೆಯೇ ಮಾಡಬೇಕು ಎಂಬ ಕಟ್ಟಳೆ. 1983ರಲ್ಲಿ ಬೋಲ್ಗೇರಿಗೆ ಮನ್ನಣೆ ಸಿಕ್ಕಾಗಲೂ ಅದು ಬಿಳಿ ಮತ್ತು ಗುಲಾಬಿ ವೈನ್‌ಗಳಿಗೆ ಮಾತ್ರ ದಕ್ಕಿತು. ಕೆಂಪು ವೈನ್‌ಗೆ ಜಾಗ ಸಿಕ್ಕಿದ್ದು 1994ರಲ್ಲಿ. 2013ರಲ್ಲಿ 'ಬೋಲ್ಗೇರಿ ಸಸ್ಸಿಕಾಯ' ಒಂದೇ ಎಸ್ಟೇಟಿಗೆ ಮೀಸಲಾದ ಪ್ರತ್ಯೇಕ ಮನ್ನಣೆಯಾಯಿತು. ಗುಣ ಮೊದಲು ಬಂತು, ಕಾಗದ ಆಮೇಲೆ ಬಂತು. ಮಾರಿಯೊ 1983ರಲ್ಲಿಯೇ ತೀರಿಕೊಂಡಿದ್ದ. ಈ ಕಾಗದವನ್ನು ಅವನು ನೋಡಲಿಲ್ಲ.

ಅವನ ಇನ್ನೊಂದು ಕೆಲಸವನ್ನೂ ಹೇಳಬೇಕು. ಎಸ್ಟೇಟಿನ ಜೌಗು ನೆಲವನ್ನೆಲ್ಲ ಅವನು ಹೊಲ ಮಾಡಿಬಿಡಲಿಲ್ಲ. ಅದರ ಒಂದು ದೊಡ್ಡ ಭಾಗವನ್ನು ವಲಸೆ ಹಕ್ಕಿಗಳಿಗೆಂದು ಬಿಟ್ಟ. ಅದು ಇಟಲಿಯಲ್ಲಿ ವಿಶ್ವ ವನ್ಯಜೀವಿ ನಿಧಿಯ ರಕ್ಷಿತ ತಾಣವಾಯಿತು. 1966ರಲ್ಲಿ ಹುಟ್ಟಿದ ಆ ಸಂಸ್ಥೆಯ ಇಟಲಿ ಶಾಖೆಗೆ ಮೊದಲ ಅಧ್ಯಕ್ಷ ಮಾರಿಯೊನೇ.

ದೇವಬಾಗದಲ್ಲಿ ಏಕಿಲ್ಲ?

ಬೋಲ್ಗೇರಿಗೂ ಕಾರವಾರಕ್ಕೂ ಹೋಲಿಕೆಗಳು ಕೆಲವು ಉಂಟು. ಎರಡೂ ಪಶ್ಚಿಮಕ್ಕೆ ಮುಖ ಮಾಡಿದ ಕಡಲತಡಿ. ಎರಡರ ಬೆನ್ನಿಗೂ ಬೆಟ್ಟ. ಅಷ್ಟೇ ಅಲ್ಲ, ಎರಡೂ ಕಡೆ ನೊಬೆಲ್ ಪಡೆದ ಕವಿಗಳ ಹೆಜ್ಜೆಗುರುತಿದೆ. ಬೋಲ್ಗೇರಿಯಲ್ಲಿ ಬಾಲ್ಯ ಕಳೆದ ಜೊಸುವೆ ಕಾರ್ದುಚ್ಚಿ ಅಲ್ಲಿನ ಸೈಪ್ರೆಸ್ ಮರಗಳ ಸಾಲನ್ನು ಹಾಡಿದ. 1906ರಲ್ಲಿ ನೊಬೆಲ್ ಪಡೆದ. ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ 1880ರ ದಶಕದ ಆರಂಭದಲ್ಲಿ ತಂಗಿದ್ದ ತರುಣ ರವೀಂದ್ರನಾಥ ಠಾಕೂರರು ಇಲ್ಲಿನ ಕಡಲನ್ನೂ ಕಾಳಿಯನ್ನೂ ಕಂಡು ಮರುಳಾದರು. 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಇಲ್ಲಿಯೇ. 1913ರಲ್ಲಿ ನೊಬೆಲ್ ಅವರದಾಯಿತು. ಕಾರವಾರದ ಕಡಲತೀರಕ್ಕೆ ಇಂದು ಅವರ ಹೆಸರೇ ಇದೆ.

ಹಾಗಾದರೆ ದ್ರಾಕ್ಷಿ ಮಾತ್ರ ಅಲ್ಲಿ ಉಂಟು, ಇಲ್ಲಿ ಇಲ್ಲ, ಏಕೆ? ಉತ್ತರ ಭೂಗೋಳದ ಪುಸ್ತಕದಲ್ಲಿದೆ. ಬೋಲ್ಗೇರಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ಹೆಚ್ಚಾಗಿ ಶರತ್ಕಾಲ ಮತ್ತು ಚಳಿಗಾಲದಲ್ಲಿ. ಹಣ್ಣು ಮಾಗುವ ಬೇಸಿಗೆ ಒಣಗಿರುತ್ತದೆ, ಬಿಸಿಲು ಧಾರಾಳ. ಕಾರವಾರದಲ್ಲಿ ಸುಮಾರು 3000 ಮಿಲಿಮೀಟರ್, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ! ತೇವ ತುಂಬಿದ ಗಾಳಿಯಲ್ಲಿ ದ್ರಾಕ್ಷಿಯ ಎಲೆಗೂ ಗೊಂಚಲಿಗೂ ಬೂಜುರೋಗ ಮುತ್ತಿಕೊಳ್ಳುತ್ತದೆ. ಮೇಲಾಗಿ, ದ್ರಾಕ್ಷಿಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗಬೇಕು. ನಮ್ಮ ಕರಾವಳಿಯಲ್ಲಿ ಅಂಥ ಚಳಿ ಎಲ್ಲಿದೆ?

ಆದರೆ ನಮ್ಮ ರಾಜ್ಯದಲ್ಲಿಯೇ ಇದಕ್ಕೆ ಬೇರೆ ಉತ್ತರ ಹುಡುಕಿದವರಿದ್ದಾರೆ. ಘಟ್ಟ ಹತ್ತಿ, ಮಳೆಯ ನೆರಳು ದಾಟಿ ಪೂರ್ವಕ್ಕೆ ಹೋದರೆ ದೊಡ್ಡಬಳ್ಳಾಪುರದ ಬಳಿ ನಂದಿಬೆಟ್ಟದ ತಪ್ಪಲು. ನಂದಿ ಕಾರವಾರಕ್ಕಿಂತ ದಕ್ಷಿಣಕ್ಕಿದೆ. ಎಂದರೆ ಭೂಮಧ್ಯರೇಖೆಗೆ ಇನ್ನೂ ಹತ್ತಿರ. ಆದರೂ ರಾತ್ರಿಗಳು ತಂಪು. ಕಾರಣ ಎತ್ತರ! ಹಗಲು ಬಿಸಿಲು, ರಾತ್ರಿ ತಂಪು ಇದ್ದಲ್ಲಿ ಹಣ್ಣಿನ ಸಿಹಿಯೂ ಹುಳಿಯೂ ಹದವಾಗಿ ಉಳಿಯುತ್ತವೆ. ಉದ್ಯಮಿ ಕನ್ವಲ್ ಗ್ರೋವರ್ ಫ್ರಾನ್ಸಿನ ತಜ್ಞ ಜಾರ್ಜ್ ವೆಸೆಲ್ ಜೊತೆಗೂಡಿ ಹಲವು ಕಡೆ, ಹಲವು ತಳಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ 1988ರಲ್ಲಿ ಇಲ್ಲಿ ತೋಟ ಸ್ಥಾಪಿಸಿದರು. 1990ರ ದಶಕದ ಆರಂಭದಲ್ಲಿ ಅವರ ವೈನ್ ಹೊರಬಂತು. ಮುಂದೆ ಬೋರ್ಡೊದ ಹೆಸರಾಂತ ತಜ್ಞ ಮಿಶೆಲ್ ರೋಲಾನ್ ಸಲಹೆಗಾರರಾದರು. ಇಲ್ಲಿಯ ಬಳ್ಳಿ ಚಳಿಗೆ ನಿದ್ದೆ ಹೋಗುವುದಿಲ್ಲವಾದ್ದರಿಂದ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಮಳೆಗಾಲ ಮುಗಿದ ಮೇಲೆ ಸವರಿದ ಬಳ್ಳಿ ಬೇಸಿಗೆಯ ಹೊಸ್ತಿಲಲ್ಲಿ ಹಣ್ಣು ಕೊಡುತ್ತದೆ. ಯುರೋಪಿನಲ್ಲಿ ಸುಗ್ಗಿ ಸೆಪ್ಟೆಂಬರಿನಲ್ಲಾದರೆ ನಮ್ಮಲ್ಲಿ ಫೆಬ್ರುವರಿ-ಮಾರ್ಚಿನಲ್ಲಿ.

ಇಟಲಿಯ ನಂಟೂ ನಮ್ಮ ಬದಿಗೆ ಬಂದಿದೆ. ಕನ್ನಡ ಮಾತನಾಡುವವರು ಬಹಳವಿರುವ ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನಲ್ಲಿ ಇಟಲಿಯ ಸೆಚ್ಚಿ ಸಹೋದರರು ಭಾರತೀಯ ಕುಟುಂಬಗಳೊಂದಿಗೆ ಸೇರಿ ಕಟ್ಟಿದ ಸಂಸ್ಥೆಗೆ 'ಫ್ರಾತೆಲ್ಲಿ' ಎಂದು ಹೆಸರು. ಇಟಾಲಿಯನ್‌ನಲ್ಲಿ ಅದರ ಅರ್ಥ ಅಣ್ಣತಮ್ಮಂದಿರು. ಟಸ್ಕನಿಯ ವೈನ್ ತಜ್ಞ ಪಿಯೆರೊ ಮಾಸಿ ಅಲ್ಲಿ ಟಸ್ಕನಿಯದೇ ಆದ 'ಸಾಂಜೊವೇಸೆ' ದ್ರಾಕ್ಷಿ ಬೆಳೆಸಿದರು. ಹಂಪಿಯ ಗುಡ್ಡಗಳ ಬಳಿ 'ಕೃಷ್ಮಾ' ಎಸ್ಟೇಟಿನಲ್ಲಿಯೂ ಸಾಂಜೊವೇಸೆ ಇದೆ. ರಾಜ್ಯ ಸರಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿತು. ಇವೆಲ್ಲ ಬಳ್ಳಿಯನ್ನು ತಂದು ಊರಿದವರ ಕಥೆ ಮಾತ್ರವಲ್ಲ; ಇಲ್ಲಿಯ ಮಳೆ, ಚಳಿ, ಎತ್ತರಗಳ ಲೆಕ್ಕ ಹಾಕಿದವರ ಕಥೆ.

ವೈನ್‌ನಿಂದ ವಿಜ್ಞಾನಕ್ಕೆ ಬಂದ ಲಾಭವೂ ಸಣ್ಣದಲ್ಲ. ದ್ರಾಕ್ಷಿರಸ ಹುದುಗುವುದು ಯೀಸ್ಟ್ ಎಂಬ ಜೀವಿಯಿಂದ ಎಂದು ತೋರಿಸಿದ ಲೂಯಿ ಪಾಶ್ಚರ್, ವೈನ್ ಕೆಡದಂತೆ ಕಾಯಲು 1860ರ ದಶಕದಲ್ಲಿ ಅದನ್ನು ಮೆಲ್ಲನೆ ಬಿಸಿ ಮಾಡುವ ಉಪಾಯ ಕಂಡುಹಿಡಿದ. ಇಂದು ಬೆಳಿಗ್ಗೆ ಮನೆಗೆ ಬರುವ ಹಾಲಿನ ಪ್ಯಾಕೆಟ್ಟಿನ ಮೇಲೆ 'ಪಾಶ್ಚರೀಕರಿಸಿದ' ಎಂದು ಬರೆದಿರುತ್ತದಲ್ಲ, ಅದು ಅಲ್ಲಿಂದ ಬಂದದ್ದು!

ಹೆಸರಿಗೊಂದು ಬೇಲಿ

ಒಳ್ಳೆಯ ಹೆಸರು ಬಂದ ಕೂಡಲೇ ಕಳ್ಳರೂ ಬರುತ್ತಾರೆ. 2020ರ ಅಕ್ಟೋಬರಿನಲ್ಲಿ ಇಟಲಿಯ ಪೊಲೀಸರು ನಕಲಿ ಸಸ್ಸಿಕಾಯದ ಜಾಲವೊಂದನ್ನು ಹಿಡಿದರು. ಒಳಗಿದ್ದ ವೈನ್ ಸಿಸಿಲಿಯದು, ಬಾಟಲಿ ತುರ್ಕಿಯದು, ಚೀಟಿ ಬಲ್ಗೇರಿಯದು! ಬೋಲ್ಗೇರಿಯದೆಂದು ಹೇಳಲು ಅದರಲ್ಲಿ ಹೆಸರೊಂದೇ ಇತ್ತು.

ಹೆಸರಿಗೆ ಬೇಲಿ ಹಾಕುವ ಕೆಲಸ ಟಸ್ಕನಿಗೆ ಹೊಸದಲ್ಲ. ಅಲ್ಲಿನ ಅರಸ ಮೂರನೆಯ ಕೊಸಿಮೊ 1716ರಲ್ಲಿಯೇ ಕಿಯಾಂತಿ ಮೊದಲಾದ ನಾಲ್ಕು ಸೀಮೆಗಳ ಗಡಿ ಗುರುತಿಸಿ, ಆ ಗಡಿಯ ಹೊರಗಿನ ವೈನ್‌ಗೆ ಆ ಹೆಸರು ಹಾಕಬಾರದೆಂದು ಆಜ್ಞೆ ಹೊರಡಿಸಿದ್ದ. ನಮ್ಮ ದೇಶದಲ್ಲಿ ಇಂಥ ಕಾನೂನು ಬಂದದ್ದು 1999ರಲ್ಲಿ. ಅದಕ್ಕೆ ಭೌಗೋಳಿಕ ಸೂಚಕ ಎಂದು ಹೆಸರು. ಜನರ ಬಾಯಲ್ಲಿ 'ಜಿಐ ಟ್ಯಾಗ್'. 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಮೊದಲು ಪಡೆದದ್ದು ಡಾರ್ಜಿಲಿಂಗ್ ಚಹಾ. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಉಡುಪಿಯ ಮಟ್ಟುಗುಳ್ಳ, ಬೆಂಗಳೂರು ನೀಲಿ ದ್ರಾಕ್ಷಿ, ಶಿರಸಿ ಅಡಿಕೆ ಇವೆಲ್ಲ ಆ ಪಟ್ಟಿಯಲ್ಲಿವೆ. 2023ರಲ್ಲಿ ಇದೇ ಪಟ್ಟಿಗೆ ಸೇರಿದ ಇನ್ನೊಂದು ಹೆಸರು ಅಂಕೋಲಾದ ಕರಿ ಇಶಾಡ ಮಾವು.

ನಮ್ಮ ಕಲ್ಲುನೆಲ ಯಾವುದು?

ದೇವಬಾಗದಿಂದ ಕಾಳಿ ದಾಟಿ, ಕಾರವಾರ ಹಾದು ದಕ್ಷಿಣಕ್ಕೆ ಹೋದರೆ ಅಂಕೋಲಾ. ಮೇ ತಿಂಗಳಲ್ಲಿ ಅಲ್ಲಿಯ ಪೇಟೆಯ ಬದಿಯಲ್ಲಿ ಬುಟ್ಟಿಗಳಲ್ಲಿ ಬಂದು ಕೂರುವ ಹಣ್ಣು ಇಶಾಡ. ಅದರಲ್ಲಿ ಎರಡು ಬಗೆ. ಬಿಳಿ ಇಶಾಡದ ಸಿಪ್ಪೆ ದಪ್ಪ, ತಿರುಳು ಕಡಿಮೆ. ಕರಿ ಇಶಾಡದ ಸಿಪ್ಪೆ ತೆಳು, ತಿರುಳು ಹೆಚ್ಚು, ಸಿಹಿ ಹೆಚ್ಚು, ಪರಿಮಳ ಬೇರೆಯೇ. ತಿಂದವರು ಆಪೂಸನ್ನು ಮರೆಯುತ್ತಾರೆ ಎಂದು ಅಂಕೋಲಾದವರು ಹೇಳಿದರೆ ಅದು ಬರೀ ಊರಿನ ಅಭಿಮಾನವಲ್ಲ!

ದ್ರಾಕ್ಷಿಗೆ ಒಲಿಯದ ಕರಾವಳಿ ಮಾವಿಗೆ ಒಲಿದದ್ದು ಹೇಗೆ? ಇದೂ ಲೆಕ್ಕದ ಮಾತೇ. ಮಾವು ಹೂ ಬಿಡುವುದು ಮಳೆ ಮುಗಿದು ನೆಲ ಒಣಗಿದ ಮೇಲೆ, ಚಳಿಯ ದಿನಗಳಲ್ಲಿ. ಹಣ್ಣಾಗುವುದು ಮುಂದಿನ ಮಳೆಗೆ ಮುನ್ನ. ಎರಡು ಮಳೆಗಾಲಗಳ ನಡುವಿನ ಕಿಂಡಿಯಲ್ಲಿ ಅದು ತನ್ನ ಸಂಸಾರ ಮುಗಿಸಿಕೊಳ್ಳುತ್ತದೆ. ಉಳಿದ ನಾಲ್ಕು ತಿಂಗಳ ಮಳೆ ಅದಕ್ಕೆ ವರ್ಷದ ನೀರು. ಬೋಲ್ಗೇರಿಯಲ್ಲಿ ಒಣ ಬೇಸಿಗೆ ದ್ರಾಕ್ಷಿಗೆ ಮಾಡುವ ಉಪಕಾರವನ್ನೇ ಇಲ್ಲಿ ಡಿಸೆಂಬರ್‌ನಿಂದ ಮೇವರೆಗಿನ ಒಣ ಹವೆ ಮಾವಿಗೆ ಮಾಡುತ್ತದೆ.

ಆದರೆ ಕರಿ ಇಶಾಡಕ್ಕೆ ಅದರ ಗುಣವೇ ವೈರಿ. ತೆಳು ಸಿಪ್ಪೆಯ ಹಣ್ಣು ದೂರದ ಪಯಣ ತಾಳದು, ಬಹಳ ದಿನ ಇಟ್ಟರೆ ಉಳಿಯದು. ಹುಬ್ಬಳ್ಳಿ, ಬೆಂಗಳೂರಿನ ಅಂಗಡಿಗೆ ಹೋಗಿ ಕೂರಲು ದಪ್ಪ ಸಿಪ್ಪೆಯ ತಳಿಗಳೇ ಅನುಕೂಲ. ಮಾರುಕಟ್ಟೆ ಕೇಳುವುದು ಅವನ್ನೇ. ಹಣ್ಣಿಗೆ ಬೆಲೆ ಸಿಗದ ಮೇಲೆ ಮರಕ್ಕೆ ಬೆಲೆ ಎಲ್ಲಿಯದು? ಹಳೆಯ ಮರ ಮನೆ ಕಟ್ಟಲು ಅಡ್ಡ ಬಂದರೆ ಉರುಳುತ್ತದೆ. ರಸ್ತೆ ಅಗಲವಾದಾಗ ಉರುಳುತ್ತದೆ. ನೌಕಾನೆಲೆಯ ಸೀಬರ್ಡ್ ಯೋಜನೆಗಾಗಿ ಕಾರವಾರ-ಅಂಕೋಲಾ ಕರಾವಳಿಯ ಸಾವಿರಾರು ಕುಟುಂಬಗಳು ಮನೆ-ತೋಟ ಬಿಟ್ಟು ಎದ್ದುಹೋದದ್ದು ಇಲ್ಲಿಯ ಪ್ರತಿ ಊರಿಗೂ ಗೊತ್ತಿದೆ. ಮನೆಗೆ ಪರಿಹಾರ ಬರಬಹುದು. ಅಜ್ಜ ನೆಟ್ಟ ಮರದ ತಳಿಗೆ ಯಾವ ಪರಿಹಾರ?

ತಳಿ ಎಂದಾಗ ಒಂದು ವಿಷಯ ತಿಳಿದಿರಬೇಕು. ಒಳ್ಳೆಯ ಮಾವಿನ ಗೊರಟೆ ಊರಿದರೆ ಅಷ್ಟೇ ಒಳ್ಳೆಯ ಹಣ್ಣು ಬರುತ್ತದೆಂಬ ಭರವಸೆಯಿಲ್ಲ. ಬೇರೆ ಮರದ ಪರಾಗ ಸೇರಿ ಮಗು ತಾಯಿಯಂತೆ ಇರದೆ ಹೋಗಬಹುದು. ಹೀಗಾಗಿ ತಾಯಿಮರದ ಕುಡಿಯನ್ನೇ ತಂದು ಇನ್ನೊಂದು ಸಸಿಗೆ ಕಸಿ ಕಟ್ಟಬೇಕು. ದ್ರಾಕ್ಷಿಯದೂ ಇದೇ ಕ್ರಮ. ಮಾರಿಯೊ ನೆಟ್ಟದ್ದು ಬೀಜವನ್ನಲ್ಲ, ಕಡ್ಡಿಯನ್ನು. ಎಂದರೆ ತಾಯಿಮರ ಇರುವವರೆಗೆ ತಳಿ ಇದೆ. ಕೊನೆಯ ಒಳ್ಳೆಯ ಮರ ಉರುಳಿದ ದಿನ ಜಿಐ ಪ್ರಮಾಣಪತ್ರ ಗೋಡೆಯ ಮೇಲೆ ಉಳಿಯುತ್ತದೆ, ಹಣ್ಣು ಉಳಿಯುವುದಿಲ್ಲ.

ಈ ಪ್ರಮಾಣಪತ್ರ ಬಂದದ್ದೂ ತಾನಾಗಿ ಅಲ್ಲ. ಅದಕ್ಕೆ ಅರ್ಜಿ ಹಾಕಿದ್ದು ಅಂಕೋಲಾದ ತೋಟಗಾರರೇ ಕಟ್ಟಿಕೊಂಡ 'ಮಾತಾ ತೋಟಗಾರ್ಸ್' ಎಂಬ ರೈತ ಉತ್ಪಾದಕರ ಕಂಪನಿ. ಬೋಲ್ಗೇರಿಯಲ್ಲಿ ಒಬ್ಬ ಸಿರಿವಂತ ಎಸ್ಟೇಟಿನ ಬಲದಿಂದ ಮಾಡಿದ ಕೆಲಸವನ್ನು ಇಲ್ಲಿ ಚಿಕ್ಕ ಹಿಡುವಳಿಯ ಹಲವರು ಕೂಡಿ ಮಾಡಬೇಕಾಗಿದೆ. ಒಬ್ಬೊಬ್ಬರ ಹಿತ್ತಲಲ್ಲಿ ಎರಡು ಮರ, ನಾಲ್ಕು ಮರ. ಒಟ್ಟು ಸೇರಿದರೆ ಅದೇ ಎಸ್ಟೇಟು.

ಹಿತ್ತಲ ಗಿಡವೇ ಮದ್ದು

ತಾಯಿಮರ ಗುರುತಿಸುವುದರಲ್ಲಿ ಈ ಸೀಮೆಗೆ ಒಬ್ಬ ದೊಡ್ಡ ಗುರು ಇದ್ದರು. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ. ಶಾಲೆಯ ಮೆಟ್ಟಿಲು ಹತ್ತದ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಸೇರಿ, ಕಾಡಿನ ಯಾವ ಜಾತಿಗೆ ಯಾವುದು ಒಳ್ಳೆಯ ತಾಯಿಮರ, ಅದರ ಬೀಜ ಯಾವಾಗ ಆರಿಸಬೇಕು, ಸಸಿಯನ್ನು ಹೇಗೆ ಬೆಳೆಸಬೇಕು ಎಂಬುದನ್ನು ನೋಡಿಯೇ ಕಲಿತರು. 2020ರ ಪದ್ಮಶ್ರೀ ಸ್ವೀಕರಿಸಲು ಬರಿಗಾಲಲ್ಲಿ, ಹಾಲಕ್ಕಿ ಉಡುಗೆಯಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದು ಹೋದ ಅವರ ಚಿತ್ರವನ್ನು ದೇಶವೇ ನೋಡಿತು. 2024ರ ಡಿಸೆಂಬರಿನಲ್ಲಿ ಅವರು ಕಣ್ಮುಚ್ಚಿದರು. ಇಟಲಿಯ ಕುದುರೆ ತಳಿಗಾರನ ಕಣ್ಣಿಗೂ ಹೊನ್ನಳ್ಳಿಯ ಅಜ್ಜಿಯ ಕಣ್ಣಿಗೂ ಇದ್ದ ಗುಣ ಒಂದೇ. ನೆಲವನ್ನೂ ತಳಿಯನ್ನೂ ನೋಡಬೇಕು, ಅವಸರಪಡದೆ ನೋಡಬೇಕು.

ಇನ್ನು ವಿದ್ಯಾರ್ಥಿಗಳ ಮಾತು. ಪರೀಕ್ಷೆ ಮುಗಿದು ರಜೆ ಬರುವ ಹೊತ್ತಿಗೇ ಕರಿ ಇಶಾಡದ ಕಾಲವೂ ಬರುತ್ತದೆ. ನಿಮ್ಮ ಊರಿನಲ್ಲಿ ಇಂಥ ಹಳೆಯ ಮರಗಳು ಎಷ್ಟಿವೆ, ಯಾರ ಹಿತ್ತಲಲ್ಲಿವೆ, ಯಾವಾಗ ಹೂ ಬಿಟ್ಟವು, ಯಾವಾಗ ಹಣ್ಣಾದವು, ಅದರ ರುಚಿ ಹೇಗೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಲ್ಕಾರು ವರ್ಷ ಬರೆದರೆ ಆ ನೋಟ್‌ಬುಕ್ಕಿಗೆ ವಿಜ್ಞಾನಿಗಳೂ ಬೆಲೆ ಕೊಡುತ್ತಾರೆ. ಮನೆಯ ಹಿರಿಯರಿಗೆ, ಇಲ್ಲವೇ ತೋಟಗಾರಿಕೆ ಇಲಾಖೆಯ ನರ್ಸರಿಯವರಿಗೆ ಹೇಳಿ ಕಸಿ ಕಟ್ಟುವುದನ್ನು ಕಲಿಯಿರಿ. ಅದಕ್ಕೆ ಬೇಕಾದುದು ಹರಿತವಾದ ಚಾಕು, ಒಂದು ಪಟ್ಟಿ, ತಾಳ್ಮೆ, ಅಷ್ಟೇ.

ಮುಂದೆ ಓದುವ ಆಸೆಯಿದ್ದವರಿಗೂ ದಾರಿಯಿದೆ. 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಒಂದು ಕಾಲೇಜು ನಮ್ಮ ಜಿಲ್ಲೆಯ ಶಿರಸಿಯಲ್ಲಿಯೇ ಇದೆ. ಹಣ್ಣು ಬೇಗ ಕೆಡದಂತೆ ಇಡುವುದು ಹೇಗೆ, ತಿರುಳನ್ನು ಕಾಪಾಡುವುದು ಹೇಗೆ, ಸಿಪ್ಪೆ ಒಡೆಯದಂತೆ ಪೆಟ್ಟಿಗೆ ಕಟ್ಟುವುದು ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಆಹಾರ ತಂತ್ರಜ್ಞಾನ. ಕರಿ ಇಶಾಡಕ್ಕೆ ಇಂದು ಬೇಕಾಗಿರುವುದು ಈ ಉತ್ತರಗಳೇ. ಪಾಶ್ಚರ್ ವೈನ್‌ಗೆ ಹುಡುಕಿದ ಉಪಾಯ ಹಾಲಿಗೆ ಒದಗಿದಂತೆ, ಕರಿ ಇಶಾಡಕ್ಕೆ ಹುಡುಕಿದ ಉಪಾಯ ನಾಳೆ ಮತ್ತೊಂದು ಊರಿನ ಮತ್ತೊಂದು ಹಣ್ಣಿಗೆ ಒದಗೀತು.

ತಂದೆತಾಯಂದಿರಿಗೂ ಒಂದು ಮಾತು. ಮಗ ಅಥವಾ ಮಗಳು ತೋಟಗಾರಿಕೆ ಓದುತ್ತೇನೆ ಎಂದಾಗ 'ಮಣ್ಣು ಹೊರಲು ಕಾಲೇಜು ಬೇಕೇ?' ಎಂದು ಕೇಳುವವರು ಇನ್ನೂ ಇದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಮಕ್ಕಳಿಗೆ ಮಾತಿನಲ್ಲಿ ಹೇಳುವುದಿಲ್ಲ, ನಡವಳಿಕೆಯಲ್ಲಿ ಕಲಿಸುತ್ತೇವೆ. ಮಾರಿಯೊ ಇಪ್ಪತ್ತು ವರ್ಷ ಒಗರು ವೈನ್ ಇಟ್ಟುಕೊಂಡು ಕುಳಿತಾಗ ಊರವರು ಆಡಿಕೊಂಡಿರಬಹುದು. ಅವನಿಗೆ ಕಾಯುವ ಶಕ್ತಿಯಿತ್ತು, ಕಾಯಲು ಬೇಕಾದ ಹಣವೂ ಇತ್ತು. ನಮ್ಮ ಚಿಕ್ಕ ಹಿಡುವಳಿಗಾರನಿಗೆ ಅಷ್ಟು ಹಣವಿಲ್ಲ. ಅವನು ಕಾಯಬೇಕಾದರೆ ಕೊಳ್ಳುವವರು ಜೊತೆಗಿರಬೇಕು. ಮೇ ತಿಂಗಳಲ್ಲಿ ದೇವಬಾಗದ ಕಡಲು ನೋಡಲು ಬರುವವರು ಹಿಂತಿರುಗುವಾಗ ಅಂಕೋಲಾದಲ್ಲಿ ಇಳಿದು ಒಂದು ಡಜನ್ ಕರಿ ಇಶಾಡ ಕೊಂಡರೆ, ಇದೇ ಹಣ್ಣು ಎಂದು ಕೇಳಿ ಕೊಂಡರೆ, ಒಂದು ಮರ ಇನ್ನೊಂದು ವರ್ಷ ನಿಲ್ಲುತ್ತದೆ. ಹಣ್ಣು ಮನೆ ಸೇರುವವರೆಗೆ ಉಳಿಯದಿದ್ದರೆ ದಾರಿಯಲ್ಲಿಯೇ ತಿನ್ನಬಹುದು, ಅದಕ್ಕೇನೂ ಅಡ್ಡಿಯಿಲ್ಲ!